ಕಾಲು ಉಳಿಯಿತು, ಎಲ್ಲರಿಗೂ ಥ್ಯಾಂಕ್ಸ್

ಈ ವಾರ ಊರುಗೋಲು ಬಿಟ್ಟೆ. ಚಳಿಗಾಲದಲ್ಲಿ ಮನೆ ಮುಂದಿನ ಐಸ್ ಮೇಲೆ ಜಾರಿ ಬಿದ್ದಿದ್ದು, ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದಿದ್ದು, ಆಮೇಲೆ ಗಾಯ ಕೀವಾಗಿದ್ದು ನಿಮಗೆಲ್ಲ ಗೊತ್ತೇ ಇದೆ. ಹೊತ್ತು ಹೊತ್ತಿಗೆ ಅನ್ನ, ಸಾರು ಕಳಿಸಿದ ಆಶ್‌ಬರ್ನ್‌ನ ಕನ್ನಡ ಮನೆಗಳಿಗೆ, ಊರಿನಿಂದ ಓಡಿ ಬಂದ ಅತ್ತೆಯವರಿಗೆ, ಡ್ರೆಸ್ಸಿಂಗ್ ಬಿಚ್ಚುವಾಗ ನಾನು ಎಷ್ಟು ಅರಚಿದರೂ ಮುಖ ಸಿಂಡರಿಸದ ನರ್ಸ್‌ಗೆ ತುಂಬಾ ಥ್ಯಾಂಕ್ಸ್. ಹೆಂಡತಿಗೆ ಇಲ್ಲಿ ಹೇಳಿದರೆ ಬೈಸಿಕೊಳ್ಳುತ್ತೇನೆ, ಬಿಡಿ.

ಇನ್ನೊಬ್ಬರಿದ್ದಾರೆ. ಅವರಿಗೆ ನಾನು ಯಾರೆಂದೇ ಗೊತ್ತಿಲ್ಲ. ಅಲೆಕ್ಸ್ ಸ್ಮಿತ್, ಅಮೆರಿಕನ್ ಫುಟ್‌ಬಾಲ್‌ನ ನಮ್ಮ ವಾಷಿಂಗ್ಟನ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಚೆಂಡು ಯಾರಿಗೆ ಎಸೆಯಬೇಕೆಂದು ಕಣ್ಣುಮುಚ್ಚಿ ತೆರೆಯುವುದರೊಳಗೆ ತೀರ್ಮಾನಿಸುವ ಕೆಲಸ ಅದು. ಎದುರಾಳಿಗಳೆಲ್ಲ ಮೊದಲು ಬೀಳುವುದೂ ಆ ಆಟಗಾರನ ಮೇಲೆಯೇ.

2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಹೊಸ ಆಟಗಾರರಲ್ಲಿ ಎಲ್ಲರಿಗಿಂತ ಮೊದಲು ಆರಿಸಿದ್ದು ಇವರನ್ನೇ. 2012ರಲ್ಲಿ ತಲೆಗೆ ಪೆಟ್ಟಾಗಿ ಹೊರಗೆ ಕೂತರು, ಅಷ್ಟರಲ್ಲಿ ಜಾಗ ಅದೇ ತಂಡದ ಕೇಪರ್ನಿಕ್ ಎಂಬ ಆಟಗಾರನ ಪಾಲಾಯಿತು. ಕ್ಯಾನ್ಸಸ್ ಸಿಟಿಗೆ ಹೋದರು. ಅಲ್ಲಿ ಚೆನ್ನಾಗಿಯೇ ಆಡುತ್ತಿದ್ದರು, ಆದರೂ 2017ರಲ್ಲಿ ಆ ತಂಡ ಮಹೋಮ್ಸ್ ಎಂಬ ಹುಡುಗನನ್ನು ತಂದಿತು. ಪಂದ್ಯಕ್ಕೆ ತಯಾರಾಗುವುದನ್ನು ಸ್ಮಿತ್ ಅವರಿಂದ ಕಲಿತೆ ಅಂತ ಮಹೋಮ್ಸ್ ಅವರೇ ಹೇಳಿದ್ದಾರೆ. ತನ್ನ ಕುರ್ಚಿಗೆ ಬಂದವನಿಗೆ ಕೆಲಸ ಕಲಿಸೋದು ನಮ್ಮ ಆಫೀಸಿನಲ್ಲಿ ಎಷ್ಟು ಜನರಿಗಾದೀತು?

ಆಮೇಲೆ ನಮ್ಮ ವಾಷಿಂಗ್ಟನ್‌ಗೆ ಬಂದರು. 2018ರ ನವೆಂಬರ್ 18ರಂದು ಹ್ಯೂಸ್ಟನ್ ವಿರುದ್ಧದ ಪಂದ್ಯದಲ್ಲಿ ಅವರ ಬಲಗಾಲು ಮುರಿಯಿತು. ಸೋಂಕು ಮಾಂಸವನ್ನೇ ತಿನ್ನತೊಡಗಿತು. ಜೀವ ಉಳಿಸಲು ಕಾಲು ತೆಗೆಯಬೇಕಾದೀತು ಅನ್ನುವವರೆಗೂ ಮಾತು ಬಂತು. 17 ಆಪರೇಷನ್. ಎಡತೊಡೆಯ ಮಾಂಸ ತೆಗೆದು ಬಲಗಾಲಿಗೆ ಕೂರಿಸಿದರು. ಆಮೇಲೆ ಸ್ಯಾನ್ ಆಂಟೋನಿಯೊದಲ್ಲಿ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರ ಜೊತೆ ನಡೆಯುವುದನ್ನು ಕಲಿತರು. ನನ್ನದು ಇದರ ಮುಂದೆ ಏನೇನೂ ಅಲ್ಲ. ಆದರೆ ಡಾಕ್ಟರ್ ದನಿ ತಗ್ಗಿಸಿ ಮಾತಾಡಿದ ರಾತ್ರಿ ನಾನು ಹುಡುಕಿ ಓದಿದ್ದು ಇದನ್ನೇ.

2020ರ ಅಕ್ಟೋಬರ್ 11ರಂದು ಅವರು ಮತ್ತೆ ಮೈದಾನಕ್ಕಿಳಿದರು. ಮಳೆ. ಎದುರಾಳಿ ತಂಡದ ಆರನ್ ಡೊನಾಲ್ಡ್ ಎಂಬ ಬೆಟ್ಟದಂಥ ಆಳು ಹಿಂದಿನಿಂದ ಬೆನ್ನೇರಿ ಜೋತುಬಿದ್ದ. ಕಾಲು ತಡೆಯಿತು. ಅವರ ಎಸೆತಗಳಿಂದ ತಂಡ ಮುಂದೆ ಸಾಗಿದ್ದು ಬರೀ 37 ಗಜ, ಪಂದ್ಯವೂ ಸೋತರು. ಆ ಒಂದು ಕ್ಲಿಪ್ಪನ್ನು ಫಿಸಿಯೋಗೆ ಹೋಗುವ ಮುಂಚೆ ಸುಮ್ನೆ ಹಾಕಿಕೊಂಡು ನೋಡುತ್ತಿದ್ದೆ. ಡಿಸೆಂಬರ್‌ನಲ್ಲಿ, ಅದುವರೆಗೆ ಸೋಲೇ ಕಾಣದಿದ್ದ ಪಿಟ್ಸ್‌ಬರ್ಗ್ ತಂಡವನ್ನು ಸೋಲಿಸಿದಾಗ ಅವರ ಕಾಲುಚೀಲ ರಕ್ತದಲ್ಲಿ ನೆನೆದಿತ್ತು. ಮೂರು ಮಕ್ಕಳ ತಂದೆಗೆ ಇದೆಲ್ಲ ಬೇಕಿತ್ತಾ ಅಂತ ನನಗೂ ಅನ್ನಿಸಿದೆ. ಮತ್ತೆ ಆಡದೇ ಇದ್ದಿದ್ದರೂ, ಮಕ್ಕಳ ಜೊತೆ ನಡೆದಾಡಿಕೊಂಡಿದ್ದಿದ್ದರೂ ನನಗೆ ಅಷ್ಟೇ ಸಾಕಿತ್ತು. 2021ರ ಏಪ್ರಿಲ್‌ನಲ್ಲಿ ಆಟ ಬಿಟ್ಟರು.

ಸ್ಮಿತ್ ಅವರೇ, ಥ್ಯಾಂಕ್ಸ್. ಉಳಿದವರು ಭಾನುವಾರ ಊಟಕ್ಕೆ ನಮ್ಮನೆಗೇ ಬನ್ನಿ. ಪಾತ್ರೆಗಳನ್ನೆಲ್ಲ ತೊಳೆದಿಟ್ಟಿದ್ದೇವೆ, ಯಾರ ಡಬ್ಬ ಯಾವುದು ಅಂತ ನೀವೇ ನೋಡಿ ತಗೊಂಡು ಹೋಗಿ.