ಶನಿವಾರದ ಪಂದ್ಯ ವೀಕ್ಷಣೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ 2016ರ ಫೈನಲ್ಸ್‌ನಲ್ಲಿ (ಏಳು ಪಂದ್ಯಗಳ ಸರಣಿ) ಆಡಿದ ಎರಡು ಪಂದ್ಯಗಳ ರೆಕಾರ್ಡಿಂಗನ್ನು ಬರುವ ಶನಿವಾರ ಸಂಜೆ 5 ಗಂಟೆಗೆ ನಮ್ಮ ಮನೆಯಲ್ಲಿ ಒಟ್ಟಾಗಿ ನೋಡೋಣ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು 110-77ರಿಂದ ಸೋತ ಎರಡನೇ ಪಂದ್ಯವನ್ನು ಕೈಬಿಡಬೇಕೆಂದು ಕೆಲವರು ಕೇಳಿದ್ದೀರಿ. ಆದರೆ ಆ 33 ಅಂಕಗಳ ಸೋಲನ್ನು ಕಂಡವರಿಗೇ, ಸರಣಿಯಲ್ಲಿ 1-3ರ ಹಿನ್ನಡೆಯಿಂದ ಎದ್ದು ಬಂದು ಏಳನೇ ಪಂದ್ಯವನ್ನು 93-89ರಿಂದ ಗೆದ್ದ ತಂಡದ ಬೆಲೆ ತಿಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಕಗಳು 89-89ರಲ್ಲಿ ಸಮವಾಗಿದ್ದಾಗ ಕ್ಯಾವಲಿಯರ್ಸ್ ಆಟಗಾರ ಲೆಬ್ರಾನ್ ಜೇಮ್ಸ್ ಹಿಂದಿನಿಂದ ಓಡಿಬಂದು, ವಾರಿಯರ್ಸ್ ಆಟಗಾರ ಇಗ್ವಡಾಲಾ ಎಸೆದ ಚೆಂಡನ್ನು ಬುಟ್ಟಿಯ ಹಿಂದಿನ ಹಲಗೆಗೆ ಬಡಿದು ತಡೆದ ಕ್ಷಣವನ್ನು ನಿಧಾನಗತಿಯಲ್ಲಿ ಮತ್ತೊಮ್ಮೆ ತೋರಿಸುತ್ತೇನೆ.

ಮಕ್ಕಳೂ ಸೇರಿ ಎಷ್ಟು ಜನ ಬರುತ್ತೀರಿ ಎಂಬುದನ್ನು ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ. ಊಟದ ವ್ಯವಸ್ಥೆ ನಮ್ಮದು. ಮಡಚುವ ಕುರ್ಚಿ ಇದ್ದವರು ದಯವಿಟ್ಟು ತನ್ನಿ.