ಹನ್ನೆರಡು ಚಿತ್ರಗಳಲ್ಲಿ ಅಮ್ಮನ ಕಡೆಗೋಲು

ಬ್ರಿಸ್ಟಲ್,
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನಿಗೂ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಪುಟ್ಟಿಯ ಕೆಮ್ಮು ಪೂರ್ತಿ ವಾಸಿಯಾಗಿದೆ. ಕಷಾಯದ ಪುಡಿ ಇನ್ನೂ ಅರ್ಧ ಡಬ್ಬ ಉಳಿದಿದೆ.

ಈ ಕಾಗದದ ಜೊತೆ ಉದ್ದದೊಂದು ಚಿತ್ರದ ಪಟ್ಟಿ ಸುರುಳಿ ಸುತ್ತಿ ಇಟ್ಟಿದ್ದೇನೆ, ಮಡಚಬೇಡಿ. ಅದರಲ್ಲಿರುವುದು ಅಮ್ಮ, ಮಜ್ಜಿಗೆ ಕಡೆಯುತ್ತಿರುವ ಅಮ್ಮ.

ಪುಟ್ಟಿಯೂ ನಾನೂ ಮೂರು ವಾರದಿಂದ ಅವಳ ಲೆಗೊ ಇಟ್ಟಿಗೆಗಳಲ್ಲಿ ಒಂದು ಝೋಯಿಟ್ರೋಪ್ ಕಟ್ಟುತ್ತಿದ್ದೆವು. ಮೇಲೆ ಬಾಯಿ ತೆರೆದಿರುವ ಒಂದು ಡ್ರಮ್ಮು, ಅದರ ಗೋಡೆಯ ಮೇಲರ್ಧದಲ್ಲಿ ಹನ್ನೆರಡು ಸೀಳು, ಕೆಳಗರ್ಧದಲ್ಲಿ ಒಳಮುಖವಾಗಿ ಹನ್ನೆರಡು ಚಿತ್ರ. ತಿರುಗಿಸಿ ಸೀಳಿನ ಮೂಲಕ ಎದುರು ಗೋಡೆ ನೋಡಿದರೆ ಚಿತ್ರ ಜೀವ ತಳೆಯುತ್ತದೆ. ಇದನ್ನು 1834ರಲ್ಲಿ ವಿವರಿಸಿದ ವಿಲಿಯಂ ಜಾರ್ಜ್ ಹಾರ್ನರ್ ಹುಟ್ಟಿದ್ದು ಇದೇ ಊರಿನಲ್ಲಿ. ಪಕ್ಕದ ಬಾತ್ ಪಟ್ಟಣದಲ್ಲಿ ಶಾಲೆ ನಡೆಸುತ್ತಿದ್ದ ಗಣಿತದ ಮೇಷ್ಟ್ರು. ಅವರಿಗಿಂತ ತುಸು ಮೊದಲು ಬಂದ ತಿರುಗುವ ಬಿಲ್ಲೆಯನ್ನು ಕನ್ನಡಿಯ ಮುಂದೆ ಹಿಡಿದು ಒಬ್ಬರೇ ನೋಡಬೇಕಿತ್ತು. ಡ್ರಮ್ಮಾದರೆ ಮನೆಯವರೆಲ್ಲ ಸುತ್ತ ಕೂತು ನೋಡಬಹುದು. ನನಗೆ ಇದೇ ತುಂಬಾ ಇಷ್ಟವಾದದ್ದು.

ಕೀಲಿನ ತುಣುಕುಗಳಿಂದ ಹನ್ನೆರಡು ಪುಟ್ಟ ಗೋಡೆಗಳನ್ನು ಜೋಡಿಸಿ ದುಂಡಗೆ ಬಾಗಿಸಿದೆವು. ಮೋಟಾರಿಗೆ ನೇರವಾಗಿ ಕೂರಿಸಿದಾಗ ಡ್ರಮ್ಮು ಬಿರುಗಾಳಿಯಂತೆ ತಿರುಗಿ, ಎರಡು ಇಟ್ಟಿಗೆ ಸೋಫಾದ ಹಿಂದೆ ಹಾರಿದವು. ಆಮೇಲೆ ಮೋಟಾರಿಗೆ ಎಂಟು ಹಲ್ಲಿನ ಚಕ್ರ, ಡ್ರಮ್ಮಿಗೆ ನಲವತ್ತು ಹಲ್ಲಿನ ಚಕ್ರ ಹಾಕಿದೆವು. ಮೋಟಾರು ಐದು ಸುತ್ತು ಬಂದರೆ ಡ್ರಮ್ಮು ಒಂದು ಸುತ್ತು. ಪುಟ್ಟಿ ಕೆಂಪು ಚೀಟಿ ಅಂಟಿಸಿ, ಗಡಿಯಾರ ನೋಡಿಕೊಂಡು ಎಣಿಸಿದಳು: ನಿಮಿಷಕ್ಕೆ 75 ಸುತ್ತು. ಅಂದರೆ ಸೆಕೆಂಡಿಗೆ 15 ಚಿತ್ರ.

ಆದರೂ ಏನೂ ಕಾಣಲಿಲ್ಲ! ಬರೀ ಬೂದು ಮಂಜು. ನಾವು ಸೀಳಿಗೆ ಬಿಟ್ಟಿದ್ದು ಲೆಗೊದ ಒಂದು ಗುಬುಟಿನ ಜಾಗ, 8 ಮಿಲಿಮೀಟರ್. ಅಷ್ಟಗಲದಲ್ಲಿ ಚಿತ್ರ ಕಣ್ಣೆದುರೇ ಜರುಗಿಬಿಡುತ್ತದೆ, ಅದಕ್ಕೇ ಕಲಸಿಹೋಗುತ್ತದೆ. ಕಪ್ಪು ಕಾಗದ ಅಂಟಿಸಿ ಸೀಳನ್ನು 3 ಮಿಲಿಮೀಟರಿಗೆ ಇಳಿಸಿದೆ. ಕಣ್ಣಿಗೆ ಪ್ರತಿ ಚಿತ್ರವೂ ಒಂದು ಮಿಂಚಿನಷ್ಟೇ ಹೊತ್ತು ಸಿಗಬೇಕು, ನಡುವೆ ಕತ್ತಲಿರಬೇಕು. ಸೀಳು ಕಿರಿದಾದಷ್ಟೂ ಚಿತ್ರ ಸ್ಪಷ್ಟ, ಆದರೆ ಬೆಳಕು ಕಮ್ಮಿ. ಹಾಗಾಗಿ ಕೋಣೆಯ ದೀಪ ಆರಿಸಿ, ಟೇಬಲ್ ಲ್ಯಾಂಪನ್ನು ಡ್ರಮ್ಮಿನ ಬಾಯಿಯ ಮೇಲೆ ಬಗ್ಗಿಸಿದೆ.

ಅಮ್ಮ, ಆಗ ನೀನು ಕಂಡೆ. ಆದರೆ ಸಣಕಲಾಗಿ! ಸೀಳು ಒಂದು ಕಡೆ ಓಡುತ್ತದೆ, ಎದುರಿನ ಚಿತ್ರ ಇನ್ನೊಂದು ಕಡೆ. ಅದರಿಂದ ಚಿತ್ರ ಅಗಲದಲ್ಲಿ ಹಿಂಡಿದಂತೆ ಕಾಣುತ್ತದೆ. ಅದಕ್ಕೇ ಈ ಪಟ್ಟಿಯಲ್ಲಿ ನಿನ್ನನ್ನು ಬೇಕೆಂದೇ ಅಗಲವಾಗಿ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ತಿರುಗಿದಾಗ ಸರಿಯಾಗಿರುತ್ತೀಯ.

ಕಳೆದ ಮೇ ತಿಂಗಳಲ್ಲಿ ಅಡುಗೆಮನೆ ಕಂಬದ ಹತ್ತಿರ ತೆಗೆದ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಬರೆದೆ. ಬಲಗೈ ಹಗ್ಗ ಎಳೆಯುವುದು ಆರು ಚಿತ್ರ, ಎಡಗೈ ಎಳೆಯುವುದು ಆರು. ಮೊದಲ ಸಲ ಒಂದನೆಯದೂ ಹನ್ನೆರಡನೆಯದೂ ಒಂದೇ ಥರ ಬಂದು, ಪ್ರತಿ ಸುತ್ತಿಗೂ ನೀನು ಒಂದು ಗಳಿಗೆ ನಿಂತು ಮತ್ತೆ ಕಡೆಯುತ್ತಿದ್ದೆ. ಪುಟ್ಟಿ, "ಅಜ್ಜಿ ಹೀಗೆ ನಿಲ್ಲಲ್ಲ" ಅಂದಳು. ಹನ್ನೆರಡನೆಯದನ್ನು ಮತ್ತೆ ಬರೆದೆ. ಈಗ ನಿಲ್ಲುವುದಿಲ್ಲ. ನಿನ್ನೆ ರಾತ್ರಿ ಅವಳು ಮಲಗಿದ ಮೇಲೆ ನಾನೊಬ್ಬಳೇ ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ.

ಅಪ್ಪ, ನಿಮಗೊಂದು ಕೆಲಸ. ಅಟ್ಟದ ಮೇಲಿರುವ ಅಜ್ಜನ ಗ್ರಾಮಫೋನು ಕೆಳಗಿಳಿಸಿ. ಅದರ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತದೆ, ನಮ್ಮ ಡ್ರಮ್ಮಿಗೆ ಹೆಚ್ಚುಕಮ್ಮಿ ಅದೇ ವೇಗ. ಹಳೆಯ ಕ್ಯಾಲೆಂಡರಿನ ರಟ್ಟನ್ನು ಈ ಪಟ್ಟಿಯಷ್ಟೇ ಉದ್ದಕ್ಕೆ, ಎರಡರಷ್ಟು ಎತ್ತರಕ್ಕೆ ಕತ್ತರಿಸಿ. ಮೇಲರ್ಧದಲ್ಲಿ ಸಮ ಅಂತರಕ್ಕೆ ಹನ್ನೆರಡು ಸೀಳು ಕೊಯ್ದು, ಹೊರಗೆ ಕಪ್ಪು ಬಳಿಯಿರಿ. ಸೀಳು ಸರಿಯಾಗಿ ಹನ್ನೆರಡೇ ಇರಲಿ. ಹನ್ನೊಂದಾದರೆ ಅಮ್ಮ ಗಡಿಗೆಯ ಸಮೇತ ಒಂದೇ ಕಡೆ ಜಾರಿಕೊಂಡು ಹೋಗುತ್ತಾಳೆ. ದುಂಡಗೆ ಸುತ್ತಿ, ಕೆಳಗರ್ಧದ ಒಳಗೆ ಈ ಪಟ್ಟಿ ಇಟ್ಟು, ತಟ್ಟೆಯ ಸರಿ ನಡುವೆ ಕೂರಿಸಿ ಕೀ ಕೊಡಿ. ಎಡಬಲ ಯಾವ ದಿಕ್ಕಿಗೆ ತಿರುಗಿದರೂ ಕಡೆಯುವುದು ಕಡೆಯುವುದೇ.

ಅಮ್ಮ, ಏಳನೇ ಚಿತ್ರ ಸ್ವಲ್ಪ ಗಮನಿಸು. ಅಲ್ಲಿ ಹಿತ್ತಿಲ ಬಾಗಿಲ ಬೆಳಕು ಅಡ್ಡ ಬಂದು ವಿಡಿಯೊದಲ್ಲಿ ನಿನ್ನ ಎಡಗೈ ಕಾಣಲಿಲ್ಲ. ಅದೊಂದನ್ನು ಮಾತ್ರ ನೆನಪಿನಿಂದ ಬರೆದಿದ್ದೇನೆ. ಸರಿ ಬಂದಿದೆಯಾ ತಿಳಿಸು.

ಇಂತಿ
ನಿಮ್ಮ ಪ್ರೀತಿಯ ಮಗಳು