ಮಗಳಿಗೊಂದು ಪತ್ರ: ಉಂಬಳಿಗೆ ತಕ್ಕ ಆಳು

ಪ್ರೀತಿಯ ಪುಟ್ಟಿ,

ಸಮುರಾಯ್ ಅಂದರೆ ಬರೀ ಕತ್ತಿವರಸೆ ಅಂದುಕೊಳ್ಳಬೇಡ. ಜಪಾನಿನ ಒಡೆಯರು ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುತ್ತಿದ್ದ 15-16ನೇ ಶತಮಾನದ ಕದನಕಾಲದಲ್ಲಿ ಒಡೆಯನ ಬಂಟನಾಗಿದ್ದವನಿಗೆ ವರ್ಷವಿಡೀ ಕಾಡುತ್ತಿದ್ದದ್ದು ಲೆಕ್ಕ. ಇಷ್ಟು ಉಂಬಳಿ ಉಂಡರೆ ಯುದ್ಧಕ್ಕೆ ಇಷ್ಟು ಆಳು ಕೊಡಬೇಕು.

ಓಡವಾರಾ ಕೋಟೆಯಿಂದ ಆಳುತ್ತಿದ್ದ ಹೋಜೋ ಮನೆತನವನ್ನೇ ತಗೋ. 1559ರಲ್ಲಿ ಹೋಜೋ ಉಜಿಯಾಸು ತನ್ನ ಬಂಟರ ಹಿಡುವಳಿಗಳನ್ನೆಲ್ಲ ದಫ್ತರದಲ್ಲಿ ಬರೆಸಿದ. ಯಾರ ಕೈಲಿ ಯಾವ ಊರಿದೆ, ಅದರ ಬೆಲೆ ಎಷ್ಟು ಕಾನ್ ಎಂಬುದು ಅದರಲ್ಲಿದೆ. ಒಂದು ಕಾನ್ ಎಂದರೆ 1,000 ತಾಮ್ರದ ಕಾಸು.

1572ರಲ್ಲಿ ಹೋಜೋ ಮನೆತನ ಮಿಯಾಗಿ ಎಂಬ ಬಂಟನಿಗೆ ಕಳಿಸಿದ ಆಜ್ಞಾಪತ್ರ ಉಳಿದುಕೊಂಡಿದೆ. ಅವನ ಉಂಬಳಿ 284 ಕಾನ್ 400 ಕಾಸು. ಅದಕ್ಕೆ ಅವನು ತರಬೇಕಿದ್ದದ್ದು, ಅವನೂ ಸೇರಿ, 36 ಜನ. ಈಟಿಯವರು 17, ಕುದುರೆ ಸವಾರರು 8, ಕೋವಿ 2, ಬಿಲ್ಲು 1. ಮಿಕ್ಕವರು ಬಾವುಟ ಹಿಡಿಯುವವರು ಮತ್ತು ಕಾಲಾಳುಗಳು. ಯಾರು ಏನು ತೊಡಬೇಕೆಂದೂ ಅದರಲ್ಲಿ ಬರೆದಿದೆ. ಆಯುಧ, ಕವಚ ಎಲ್ಲ ಬಂಟನದೇ ಖರ್ಚು. ಈಟಿ ಎರಡೂವರೆ ಕೆನ್ ಇರಬೇಕು, ಅಂದರೆ ಸುಮಾರು ನಾಲ್ಕೂವರೆ ಮೀಟರ್. ಈಟಿಗಾರರು ಭುಜಕ್ಕೆ ಭುಜ ಕೊಟ್ಟು ಸಾಲಾಗಿ ನಿಲ್ಲುವವರು. ಒಬ್ಬನದು ಗಿಡ್ಡವಾದರೆ ಎದುರಾಳಿಗೆ ಅಲ್ಲೇ ದಾರಿ ಸಿಗುತ್ತದೆ. ಕೋವಿಯ ಪಾಡು ಬೇರೆ. ಅದು ಉರಿಯುವ ಬತ್ತಿಯಿಂದ ಹೊತ್ತಿಕೊಳ್ಳುವಂಥದ್ದು. ಮಳೆ ಹಿಡಿದರೆ ಬತ್ತಿ ಆರುತ್ತದೆ, ಮದ್ದು ತೇವವಾಗುತ್ತದೆ, ಗುಂಡು ಹಾರುವುದಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಊಟದ ವ್ಯವಸ್ಥೆ, ಯಾಕೆಂದರೆ ದಂಡು ಮುರಿಯುವುದು ಬಹಳ ಸಲ ಅಲ್ಲೇ. ಕಾಲಾಳುಗಳಿಗಾಗಿ 17ನೇ ಶತಮಾನದಲ್ಲಿ ಬರೆದ ಕೈಪಿಡಿಯೊಂದು ಇದನ್ನು ಬಿಡಿಬಿಡಿಯಾಗಿ ಹೇಳುತ್ತದೆ. ಒಬ್ಬನಿಗೆ ದಿನಕ್ಕೆ ಆರು ಗೋ ಅಕ್ಕಿ, ಅಂದರೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು. ಹತ್ತು ಜನರಿಗೆ ಒಂದು ಗೋ ಉಪ್ಪು, ಎರಡು ಗೋ ಮಿಸೊ, ಅದು ಹುಳಿ ಬರಿಸಿದ ಸೋಯಾ ಮುದ್ದೆ. ಆದರೆ ಅಕ್ಕಿಯನ್ನು ಮೂರ್ನಾಲ್ಕು ದಿನಕ್ಕಿಂತ ಹೆಚ್ಚಿಗೆ ಒಟ್ಟಿಗೆ ಅಳೆದುಕೊಡಬಾರದು! ಕುಡಿತದ ಚಟ ಇರುವವನು ಅದನ್ನೇ ಹುಳಿಹಾಕಿ ಸಾಕೆ ಎಂಬ ಅಕ್ಕಿಯ ಮದ್ಯ ಮಾಡಿಕೊಂಡು ಕುಡಿದು, ಆಮೇಲೆ ಹಸಿದು ಬೀಳುತ್ತಾನೆ.

ಕೆಸುವಿನ ದಂಟಿನ ಉಪಾಯ ನಿನಗೆ ಇಷ್ಟವಾಗುತ್ತದೆ. ದಂಟನ್ನು ಹಗ್ಗವಾಗಿ ಹೊಸೆದು, ಮಿಸೊದಲ್ಲಿ ಚೆನ್ನಾಗಿ ಬೇಯಿಸಿ ಒಣಗಿಸುತ್ತಿದ್ದರು. ದಾರಿಯುದ್ದಕ್ಕೂ ಅದರಲ್ಲೇ ಗಂಟುಮೂಟೆ ಕಟ್ಟುವುದು, ಬೀಡುಬಿಟ್ಟಾಗ ತುಂಡು ಕತ್ತರಿಸಿ ನೀರಿಗೆ ಹಾಕಿ ಕುದಿಸುವುದು. ಸಾರು ಸಿದ್ಧ, ಬೇರೆ ಉಪ್ಪೂ ಬೇಡ.

1590ರಲ್ಲಿ, ಜಪಾನನ್ನು ಒಂದೇ ಆಳ್ವಿಕೆಗೆ ತರುತ್ತಿದ್ದ ಹಿಡೆಯೋಶಿಯ ಸೈನ್ಯ ಓಡವಾರಾಕ್ಕೆ ಮುತ್ತಿಗೆ ಹಾಕಿ, ಸುಮಾರು ಮೂರು ತಿಂಗಳಿಗೆ ಕೋಟೆ ಶರಣಾಯಿತು. ಹೋಜೋಗಳ ನಾಡು ಹಿಡೆಯೋಶಿಯ ಕಡೆಯ ಒಡೆಯ ತೊಕುಗಾವಾ ಇಯೆಯಾಸುವಿನ ಪಾಲಾಯಿತು. ಒಡೆಯನೇ ಹೋದ ಮೇಲೆ ಉಂಬಳಿ ಎಲ್ಲಿಯದು? ಹೋಜೋ ಬಂಟರಲ್ಲಿ ಕೆಲವರು ಹೊಸ ಒಡೆಯನ ಸೇವೆಗೆ ಸೇರಿದರು, ಕೆಲವರು ಹಳ್ಳಿಯಲ್ಲೇ ನಿಂತು ಬೇಸಾಯ ಹಿಡಿದರು.

ನಿನ್ನ ಅಮ್ಮ